ಲಂಡನ್‌ನಲ್ಲಿ ಒಂದೇ ದಿನ, ಅದೂ ನಡೆದೇ ನೋಡಬೇಕು: ಎಲ್ಲಿಂದ ಶುರು ಮಾಡಲಿ?

ಜೂನ್‌ನಲ್ಲಿ ಒಂದು ದಿನ ಮಾತ್ರ ಲಂಡನ್‌ನಲ್ಲಿ ಇರುತ್ತೇವೆ, ರೈಲು ಹತ್ತಿ ಇಳಿಯೋದು ಬೇಡ, ನಡೆದೇ ನೋಡಬೇಕು ಅಂತ ಕೇಳಿದ್ದೀರಿ. ನಿಮ್ಮ ಪಟ್ಟಿಯಲ್ಲಿ ಬಕಿಂಗ್‌ಹ್ಯಾಮ್ ಅರಮನೆ, ಬ್ರಿಟಿಷ್ ಮ್ಯೂಸಿಯಂ, ಲಂಡನ್ ಟವರ್ ಅನ್ನೋ ಹಳೇ ಕೋಟೆ ಮೂರೂ ಇವೆ. ಮೂರನ್ನೂ ಒಂದೇ ದಿನಕ್ಕೆ ತುರುಕಿದರೆ ನೋಡೋದಕ್ಕಿಂತ ಕ್ಯೂ ನಿಲ್ಲೋದೇ ಜಾಸ್ತಿ ಆಗುತ್ತದೆ.

ನಾನು ಇಲ್ಲೇ ಇರೋದು. ಊರಿಂದ ಯಾರೇ ಬಂದರೂ ಥೇಮ್ಸ್ ನದಿಯ ದಕ್ಷಿಣ ದಂಡೆಯಲ್ಲಿ ನಡೆಸಿಕೊಂಡು ಹೋಗುತ್ತೇನೆ. ವಾಕ್ಸ್‌ಹಾಲ್‌ನಿಂದ ಟವರ್ ಬ್ರಿಡ್ಜ್‌ವರೆಗೆ, ಸುಮಾರು ಆರೇಳು ಕಿಲೋಮೀಟರ್. ಏರು ಇಳಿವು ಅಷ್ಟಾಗಿ ಇಲ್ಲ. ದಾರಿ ತಪ್ಪುವ ಚಿಂತೆಯೂ ಇಲ್ಲ, ನದಿ ಎಡಗಡೆ ಇದ್ದರೆ ಸಾಕು. ದೊಡ್ಡ ಕಟ್ಟಡಗಳು ಹೆಚ್ಚಾಗಿ ಆಚೆ ದಂಡೆಯಲ್ಲಿವೆ. ಅವುಗಳ ಬುಡದಲ್ಲಿ ನಿಂತರೆ ಕತ್ತು ನೋವು ಬರುತ್ತದೆಯೇ ಹೊರತು ಪೂರ್ತಿ ಕಾಣೋದಿಲ್ಲ. ಈಚೆಯಿಂದ ನೋಡಿದರೆ ಇಡೀ ಆಕಾರ ಕಣ್ಣಿಗೆ ಬೀಳುತ್ತದೆ, ದುಡ್ಡೂ ಕೊಡಬೇಕಿಲ್ಲ.

ವಾಕ್ಸ್‌ಹಾಲ್ ಯಾಕೆ ಅಂದರೆ, ಅಲ್ಲಿಂದ ಲ್ಯಾಂಬೆತ್ ಸೇತುವೆ ಕಡೆ ಹೊರಟರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣ ಸಿಗುತ್ತಾರೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ ಪ್ರತಿಮೆ. ಅದರ ಹಿಂದೆ ಓಡಾಡಿದವರು ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ್, ಲಂಡನ್‌ನ ಈ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದವರು. ಹೆಚ್ಚಿನ ಪ್ರವಾಸಿಗರು ಈ ಕಡೆ ಬರೋದೇ ಇಲ್ಲ, ಆರಾಮಾಗಿ ಫೋಟೋ ತೆಗೆದುಕೊಳ್ಳಬಹುದು.

ಲ್ಯಾಂಬೆತ್ ಸೇತುವೆ ಕೆಂಪು, ಮುಂದಿನ ವೆಸ್ಟ್‌ಮಿನ್‌ಸ್ಟರ್ ಸೇತುವೆ ಹಸಿರು. ಸುಮ್ನೆ ಬಳಿದ ಬಣ್ಣವಲ್ಲ. ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ಕೂರುವ ಬೆಂಚುಗಳು ಕೆಂಪು, ಕೆಳಮನೆಯಲ್ಲಿ ಹಸಿರು. ಈ ಎರಡು ಸೇತುವೆಗಳ ನಡುವೆ, ಆಸ್ಪತ್ರೆಯ ಹೊರಗೋಡೆ ಉದ್ದಕ್ಕೂ, ಲೆಕ್ಕವಿಲ್ಲದಷ್ಟು ಕೆಂಪು ಹೃದಯಗಳನ್ನು ಬರೆದಿದ್ದಾರೆ. ಕೋವಿಡ್‌ನಲ್ಲಿ ಸತ್ತ ಒಬ್ಬೊಬ್ಬರಿಗೂ ಒಂದೊಂದು. ಸತ್ತವರ ಮನೆಯವರೇ 2021ರಲ್ಲಿ ಇದನ್ನು ಶುರು ಮಾಡಿದ್ದು. ಎದುರಿಗೇ ಪಾರ್ಲಿಮೆಂಟ್, ಬೇಕಂತಲೇ ಆರಿಸಿಕೊಂಡ ಜಾಗ. ಇಲ್ಲಿ ನಿಧಾನಕ್ಕೆ ನಡೆಯಿರಿ, ಹೆಸರುಗಳನ್ನು ಓದಿ. ಬಿಗ್ ಬೆನ್ ನೋಡೋದಕ್ಕೂ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಆಮೇಲೆ ಲಂಡನ್ ಐ ಅನ್ನೋ ದೈತ್ಯ ತಿರುಗುಚಕ್ರ. ಹತ್ತೋದು ನಿಮ್ಮಿಷ್ಟ, ನಾನಾದರೆ ಆ ದುಡ್ಡು ಉಳಿಸುತ್ತೇನೆ. ವಾಟರ್‌ಲೂ ಸೇತುವೆಯ ಅಡಿಯಲ್ಲಿ ಹಳೇ ಪುಸ್ತಕದ ಮೇಜುಗಳಿರುತ್ತವೆ, ಮಳೆ ಬಂದರೆ ಅಲ್ಲೇ ಹೊತ್ತು ಕಳೆಯಬಹುದು.

ಟೇಟ್ ಮಾಡರ್ನ್ ಮೊದಲು ವಿದ್ಯುತ್ ಸ್ಥಾವರ ಆಗಿತ್ತು. 2000ದಲ್ಲಿ ಕಲಾ ಮ್ಯೂಸಿಯಂ ಆಯಿತು. ಒಳಗೆ ಹೋಗಲು ಟಿಕೆಟ್ ಇಲ್ಲ. ಟಾಯ್ಲೆಟ್ಟೂ ಪುಕ್ಕಟೆ, ನಡೆಯುವವರಿಗೆ ಇದು ಸಣ್ಣ ವಿಷಯವಲ್ಲ. ಅದರ ಮುಂದೆ ಮಿಲೇನಿಯಮ್ ಸೇತುವೆ. 2000ದ ಜೂನ್‌ನಲ್ಲಿ ತೆರೆದ ದಿನವೇ ಅದು ಪಕ್ಕಕ್ಕೆ ತೂಗಾಡಲು ಶುರುವಾಯಿತು. ತಮಾಷೆ ಏನೆಂದರೆ, ಸೇತುವೆ ಒಂಚೂರು ವಾಲಿದಾಗ ಜನ ಬೀಳದಿರಲು ಅದೇ ತಾಳಕ್ಕೆ ಹೆಜ್ಜೆ ಹಾಕಿದರು. ಅದರಿಂದ ತೂಗಾಟ ಇನ್ನೂ ಜೋರಾಯಿತು. ಎರಡೇ ದಿನಕ್ಕೆ ಮುಚ್ಚಿದರು. ಅಲುಗಾಟ ಹೀರಿಕೊಳ್ಳುವ ಡ್ಯಾಂಪರ್‌ಗಳನ್ನು ಹಾಕಿ 2002ರಲ್ಲಿ ಮತ್ತೆ ತೆರೆದರು. ಈಗ ಧೈರ್ಯವಾಗಿ ದಾಟಿ. ನೇರ ಎದುರಿಗೆ ಸೇಂಟ್ ಪಾಲ್ಸ್ ಗುಮ್ಮಟ ಕಾಣುತ್ತದೆ. 1666ರ ಬೆಂಕಿಯಲ್ಲಿ ಹಳೇ ಚರ್ಚ್ ಹಾಳಾದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿಸಿದ್ದು. ಹೊರಗಿಂದ ನೋಡಿ ವಾಪಸ್ ಬಂದುಬಿಡಿ.

ಊಟಕ್ಕೆ ‘ಬರೋ ಮಾರ್ಕೆಟ್’ (Borough Market) ಅನ್ನೋ ತಿಂಡಿ ತಿನಿಸಿನ ಮಾರುಕಟ್ಟೆ. ಸಸ್ಯಾಹಾರಿಗಳಿಗೂ ಸಿಗುತ್ತದೆ, ಆದರೆ ಮೊಟ್ಟೆ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಸೋಮವಾರ ಸಾಮಾನ್ಯವಾಗಿ ಮುಚ್ಚಿರುತ್ತದೆ. ಪಕ್ಕದಲ್ಲೇ ಲಂಡನ್ ಬ್ರಿಡ್ಜ್. ಎಷ್ಟೋ ಜನ ಇದರ ಹೆಸರು ಕೇಳಿ ಎರಡು ಗೋಪುರದ ಸೇತುವೆ ಅಂದುಕೊಂಡಿರುತ್ತಾರೆ. ಇದು 1973ರ ಸಪಾಟು ಕಾಂಕ್ರೀಟ್ ಸೇತುವೆ. ಇದಕ್ಕೂ ಮೊದಲಿದ್ದದ್ದನ್ನು ಅಮೆರಿಕದವರೊಬ್ಬರು ಕೊಂಡು, ಕಲ್ಲುಗಳನ್ನು ಸಾಗಿಸಿ, ಅರಿಜೋನಾದಲ್ಲಿ ನಿಲ್ಲಿಸಿಕೊಂಡರು! ಗೋಪುರಗಳಿರೋದು ಮುಂದಿನದಕ್ಕೆ, 1894ರ ಟವರ್ ಬ್ರಿಡ್ಜ್‌ಗೆ.

ಲಂಡನ್ ಟವರ್ ಕೋಟೆಯ ಒಳಗೆ ಹೋಗಿ ಕೊಹಿನೂರ್ ನೋಡಲೇಬೇಕು ಅಂತಿದ್ದರೆ ಮೊದಲೇ ಟಿಕೆಟ್ ಮಾಡಿಸಿ, ಈ ದಾರಿಯನ್ನು ಉಲ್ಟಾ ಮಾಡಿ. ಬೆಳಗ್ಗೆ ಬಾಗಿಲು ತೆಗೆಯೋ ಹೊತ್ತಿಗೆ ಟವರ್‌ನಲ್ಲಿರಿ, ಅಲ್ಲಿಂದ ವಾಕ್ಸ್‌ಹಾಲ್ ಕಡೆ ನಡೆಯಿರಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ, ಅವಸರ ಬೇಡ. ಹಡಗಿಗೆ ದಾರಿ ಬಿಡಲು ಟವರ್ ಬ್ರಿಡ್ಜ್ ಯಾವಾಗ ಮೇಲೇಳುತ್ತದೆ ಅನ್ನೋದು ಅವರ ವೆಬ್‌ಸೈಟ್‌ನಲ್ಲಿ ಮೊದಲೇ ಹಾಕಿರುತ್ತಾರೆ. ನೋಡಿಕೊಂಡು ಆ ಹೊತ್ತಿಗೆ ದಂಡೆಯಲ್ಲಿ ನಿಂತಿರಿ. ಅಲ್ಲಿ ಹಡಗಿಗೇ ಮೊದಲ ಹಕ್ಕು, ಬಸ್ಸು ಕಾರುಗಳೆಲ್ಲ ಕಾಯಲೇಬೇಕು.