ಪ್ರತಿಕ್ರಿಯೆ: ಹೊಸ ಕಾರಿಗೆ ಟೈರ್ ವಿಮೆ ಬೇಕೇ?

ಹಾಸನದಿಂದ ಶಿರಾಡಿ ಘಾಟಿಯ ಮೂಲಕ ವಾರಕ್ಕೊಮ್ಮೆ ಮಂಗಳೂರಿಗೆ ಹೋಗಿಬರುವ ತಾವು, ಹೊಸ ಕಾರಿನ ವಿಮೆಗೆ 1,900 ರೂಪಾಯಿ ಹೆಚ್ಚುವರಿ ಕೊಟ್ಟು, ಟೈರು ಮಾತ್ರ ಹಾಳಾದರೂ ಪರಿಹಾರ ಕೊಡುವ ಟೈರ್ ರಕ್ಷಣೆಯನ್ನು ಸೇರಿಸಬೇಕೇ ಎಂದು ಕೇಳಿದ್ದೀರಿ. ಆ ದಾರಿಗೆ, ಅದೂ 17 ಇಂಚಿನ ಅಲಾಯ್ ಚಕ್ರಗಳಿರುವ ಕಾರಿಗೆ, ಮೊದಲ ಎರಡು ವರ್ಷ ತೆಗೆದುಕೊಳ್ಳುವುದೇ ಒಳಿತೆಂದು ನನ್ನ ಅಭಿಪ್ರಾಯ.

ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರು ಮಾತ್ರ ಹಾಳಾದರೆ ಏನೂ ಸಿಗುವುದಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಪೆಟ್ಟಾಗಿದ್ದರೆ ಮಾತ್ರ, ಅದೂ ಹೊಸ ಟೈರಿನ ಬೆಲೆಯ ಶೇ. 50ರವರೆಗೆ ದೊರೆಯುತ್ತದೆ. ಕಳೆದ ಮಳೆಗಾಲದಲ್ಲಿ ನೀರು ತುಂಬಿದ್ದ ಗುಂಡಿಗೆ ನನ್ನ ಕಾರಿನ ಎಡಭಾಗದ ಮುಂದಿನ ಚಕ್ರ ಇಳಿದಾಗ, ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಎದ್ದಿತು. ಕಾರಿನ ಹೊರಮೈಗೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗಿನ ದಾರದ ಪದರ ಹರಿದು ಬರುವ ಇಂತಹ ಉಬ್ಬಿಗೆ ಪಂಚರ್ ಅಂಗಡಿಯಲ್ಲಿ ಪರಿಹಾರವಿಲ್ಲ, ಟೈರನ್ನೇ ಬದಲಿಸಬೇಕು. ಪೂರ್ತಿ ಹಣ ನನ್ನ ಕೈಯಿಂದಲೇ ಹೋಯಿತು.

ಆದರೆ ಒಪ್ಪುವ ಮುನ್ನ ಷರತ್ತುಗಳನ್ನು ದಯವಿಟ್ಟು ಓದಿರಿ. ಪಂಚರ್ ಹಾಕಿಸುವ ಖರ್ಚು, ಸಹಜ ಸವೆತ, ತಯಾರಿಕಾ ದೋಷ ಇವು ಸಾಮಾನ್ಯವಾಗಿ ಟೈರ್ ರಕ್ಷಣೆಯೊಳಗೆ ಬರುವುದಿಲ್ಲ. ಹಲವು ಪಾಲಿಸಿಗಳಲ್ಲಿ ಟ್ರೆಡ್ (ನೆಲಕ್ಕೆ ತಾಗುವ ಭಾಗದ ಗೆರೆಗಳ ಆಳ) ಎಷ್ಟು ಮಿಲಿಮೀಟರ್ ಉಳಿದಿದೆ ಎಂಬುದನ್ನು ನೋಡಿ ಪರಿಹಾರದ ಮೊತ್ತವನ್ನು ಇಳಿಸುತ್ತಾರಾದ್ದರಿಂದ, ಸವೆದ ಟೈರುಗಳಿಗೆ ಈ ಹಣ ಕಟ್ಟುವುದು ನಷ್ಟವೇ ಸರಿ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಕ್ಕೆ ಮುಂದಿನ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ) ಉಳಿಯುತ್ತದೆಯೇ ಎಂಬುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಕಾರು ಮನೆಗೆ ಬಂದ ದಿನವೇ ನಾಲ್ಕೂ ಟೈರುಗಳ ಸರಣಿ ಸಂಖ್ಯೆಯ ಫೋಟೋ ತೆಗೆದಿಟ್ಟುಕೊಳ್ಳಿರಿ.