ಪಳಗಿದ ಕೈಗೆ ಮತ್ತೆ ಕಲಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಹನ್ನೊಂದು ವರ್ಷಗಳಿಂದ ಮಣ್ಣಿನ ಪಾತ್ರೆ ಮಾಡುವ ಕೆಲಸದಿಂದಲೇ ಬದುಕುತ್ತಿದ್ದೀರಿ, ಮಾಡಿದ್ದು ಮಾರಾಟವೂ ಆಗುತ್ತಿದೆ, ಆದರೆ ಈಚಿನ ಮೂರು ವರ್ಷಗಳಲ್ಲಿ ಹೊಸದೇನನ್ನೂ ಕಲಿತಿಲ್ಲ ಎಂದು ಅನ್ನಿಸುತ್ತಿದೆ. ಪದವಿಗೆ ಸೇರುವಷ್ಟು ಬಿಡುವಿಲ್ಲ. ಹಾಗಾಗಿ ಕಾರ್ಯಾಗಾರ, ರೆಸಿಡೆನ್ಸಿ (ಕಲಾವಿದರು ಒಂದು ಕೇಂದ್ರದಲ್ಲಿ ಕೆಲಕಾಲ ಉಳಿದು ಕೆಲಸ ಮಾಡುವ ವ್ಯವಸ್ಥೆ), ಆನ್‌ಲೈನ್ ಕೋರ್ಸ್ ಇವುಗಳಲ್ಲಿ ಯಾವುದಕ್ಕೆ ಹಣ ಮತ್ತು ಸಮಯ ಹಾಕಬೇಕು ಎಂದು ಕೇಳಿದ್ದೀರಿ. ನಾನು ತಿಗರಿಯ, ಅಂದರೆ ಕುಂಬಾರನ ಚಕ್ರದ, ಮುಂದೆ ಕುಳಿತು ಇಪ್ಪತ್ತು ವರ್ಷಗಳ ಮೇಲಾಯಿತು. ಈ ಮೂರರಲ್ಲೂ ಹಣ ಹಾಕಿದ್ದೇನೆ, ಒಂದಷ್ಟು ಕಳೆದುಕೊಂಡೂ ಇದ್ದೇನೆ.

ಯಾವುದಕ್ಕೆ ಹೋಗುವುದಿದ್ದರೂ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ: ಅಲ್ಲಿ ನಿಮ್ಮ ಕೈಯನ್ನು ಯಾರು ನೋಡುತ್ತಾರೆ? ನೀವು ಯಾರ ಕೈಯನ್ನು ನೋಡುತ್ತೀರಿ ಎಂಬುದನ್ನು ಎಲ್ಲ ಜಾಹೀರಾತುಗಳೂ ದೊಡ್ಡ ಅಕ್ಷರಗಳಲ್ಲಿ ಹೇಳುತ್ತವೆ. ನಿಮ್ಮ ಕೈಯನ್ನು ನೋಡುವವರ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ.

ನನ್ನ ಕಥೆ ಕೇಳಿ. ನಿಮ್ಮದೇ ಸ್ಥಿತಿಯಲ್ಲಿದ್ದಾಗ ಎರಡು ವರ್ಷಗಳಲ್ಲಿ ಐದು ಕಾರ್ಯಾಗಾರಗಳಿಗೆ ಹೋದೆ. ಎಲ್ಲ ಕಡೆಯೂ ಒಳ್ಳೆಯ ಕಲಾವಿದರೇ ಇದ್ದರು. ಅವರು ತಿಗರಿಯ ಮೇಲೆ ಅದ್ಭುತಗಳನ್ನು ಎತ್ತುತ್ತಿದ್ದರು, ನಾವು ಇಪ್ಪತ್ತು ಜನ ಸುತ್ತ ನಿಂತು ಮೊಬೈಲ್‌ನಲ್ಲಿ ಚಿತ್ರೀಕರಿಸುತ್ತಿದ್ದೆವು. ಎರಡು ನೋಟ್‌ಬುಕ್ ತುಂಬಿದವು. ಮನೆಗೆ ಬಂದು ತಿಗರಿಯ ಮುಂದೆ ಕುಳಿತರೆ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಆ ನೋಟ್‌ಬುಕ್‌ಗಳು ಇನ್ನೂ ಇವೆ, ತೆರೆದು ನೋಡಿಲ್ಲ.

ಆಮೇಲೆ ಒಂದು ಹಂಚಿಕೆಯ ಸ್ಟುಡಿಯೋದಲ್ಲಿ ಐದು ವಾರ ಕೆಲಸ ಮಾಡುವ ಅವಕಾಶ ಬಂತು. ಪಾಠ, ಪ್ರಮಾಣಪತ್ರ ಏನೂ ಇರಲಿಲ್ಲ. ಪಕ್ಕದ ತಿಗರಿಯಲ್ಲಿ ನನಗಿಂತ ಬಹಳ ಹಿರಿಯರೊಬ್ಬರು ಕೆಲಸ ಮಾಡುತ್ತಿದ್ದರು. ಮೂರು ದಿನ ಅವರು ಏನೂ ಮಾತಾಡಲಿಲ್ಲ. ನಾಲ್ಕನೆಯ ದಿನ, ‘ನಿನ್ನ ಹೂಜಿಗಳನ್ನು ಒಣಗುವ ಮೊದಲು ಕತ್ತರಿಸಿ ನೋಡಿದ್ದೀಯಾ?’ ಎಂದರು. ಇಲ್ಲ ಎಂದೆ. ಅಂದು ಎತ್ತಿದ ಹತ್ತನ್ನೂ ತಂತಿಯಿಂದ ಮೇಲಿಂದ ಕೆಳಗೆ ಸೀಳಿಸಿದರು. ಹತ್ತರಲ್ಲಿ ಒಂಬತ್ತರದ್ದು ಒಂದೇ ಕಥೆ: ಬಾಯಿಯ ಕಡೆ ಗೋಡೆ ತೆಳ್ಳಗೆ, ಸಮವಾಗಿ ಇತ್ತು, ತಳ ಮತ್ತು ಗೋಡೆ ಸೇರುವ ಮೂಲೆಯಲ್ಲಿ ಮಾತ್ರ ಹೆಬ್ಬೆರಳಿನಷ್ಟು ದಪ್ಪ ಮಣ್ಣು ಹಾಗೇ ಉಳಿದಿತ್ತು. ಗೋಡೆ ಎತ್ತುವಾಗ ನಾನು ಒತ್ತಡವನ್ನು ತಳದಿಂದ ಶುರು ಮಾಡದೆ ಸ್ವಲ್ಪ ಮೇಲಿನಿಂದ ಶುರು ಮಾಡುತ್ತಿದ್ದೆ. ಆಮೇಲೆ ಆ ಹೆಚ್ಚುವರಿ ಮಣ್ಣನ್ನು ಕೆರೆದು ತೆಗೆಯಲು ಪ್ರತಿ ಹೂಜಿಗೂ ಹದಿನೈದು ನಿಮಿಷ ಕೂರುತ್ತಿದ್ದೆ. ತಳ ಕೆರೆಯುವುದರಲ್ಲಿ ನಾನು ನಿಪುಣ ಎಂದು ನನಗೊಂದು ಹೆಮ್ಮೆ ಬೇರೆ ಇತ್ತು. ಆ ನೈಪುಣ್ಯ ಹುಟ್ಟಿದ್ದೇ ಆ ತಪ್ಪಿನಿಂದ.

ಕೈ ಪಳಗಿದೆ ಎನ್ನುವುದನ್ನು ನಾವು ಹೊಗಳಿಕೆಯಾಗಿ ಬಳಸುತ್ತೇವೆ. ಆದರೆ ಪಳಗಿದ ಎತ್ತು ಕಣ್ಣು ಮುಚ್ಚಿಕೊಂಡು ಅದೇ ದಾರಿಯಲ್ಲಿ ಮನೆಗೆ ಬರುತ್ತದೆ, ಹತ್ತಿರದ ದಾರಿ ಇನ್ನೊಂದಿದ್ದರೂ ಅದಕ್ಕೆ ಬೇಡ. ಹೊಸದಾಗಿ ಕಲಿಯುವವರಿಗೆ ಮಾಹಿತಿ ಬೇಕು. ನಿಮಗೂ ನನಗೂ ಮಾಹಿತಿ ಬೇಕಾದಷ್ಟಿದೆ, ಅಭ್ಯಾಸವನ್ನು ಹಿಡಿದು ತೋರಿಸುವ ಇನ್ನೊಂದು ಜೊತೆ ಕಣ್ಣುಗಳು ಬೇಕು. ಅಂದ ಹಾಗೆ ಹತ್ತು ಹೂಜಿಗಳನ್ನು ಸೀಳಿದಾಗ ನನಗೆ ನೆನಪಾದದ್ದು ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ. ಈ ದೊಣ್ಣೆಯನ್ನು ಕುಂಬಾರನೇ ಹಿಡಿದರೆ ಅಷ್ಟೇನೂ ನಷ್ಟವಿಲ್ಲ.

ಕಸುಬುದಾರರ ಹಳೆಯ ಸಂಘಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಜರ್ಮನ್ ಭಾಷೆಯ ನಾಡುಗಳಲ್ಲಿ ಬಡಗಿ, ಕಲ್ಲುಕುಟಿಗ ಮುಂತಾದವರು ತರಬೇತಿ ಮುಗಿಸಿದ ಮೇಲೆ ಮೂರು ವರ್ಷ ಮತ್ತು ಒಂದು ದಿನ ಊರೂರು ಅಲೆಯುತ್ತ ಕೆಲಸ ಮಾಡುವ ಪದ್ಧತಿ ಇತ್ತು, ಈಗಲೂ ಕೆಲವರು ಹೋಗುತ್ತಾರೆ. ಆ ಅವಧಿಯಲ್ಲಿ ಸ್ವಂತ ಊರಿನಿಂದ 50 ಕಿಲೋಮೀಟರ್ ದೂರದೊಳಗೆ ಕಾಲಿಡುವಂತಿಲ್ಲ. ಫ್ರಾನ್ಸ್‌ನ ಕಂಪಾನ್ಯೋನಾಜ್ ಎಂಬ ಕಸುಬುದಾರರ ಸಂಘಗಳ ಪರಂಪರೆಯಲ್ಲೂ ಇಂಥದೇ ದೇಶ ಸುತ್ತುವ ಕ್ರಮವಿದೆ. ಯುನೆಸ್ಕೊ ಅದನ್ನು 2010ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಜರ್ಮನ್ ಪದ್ಧತಿಯಲ್ಲಿ ಅಲೆಯಲು ಹೊರಡುವವರು ಎಳೆಯ ಶಿಷ್ಯರಲ್ಲ, ಆಗಲೇ ಕಸುಬು ಕಲಿತು ಪರೀಕ್ಷೆ ದಾಟಿದವರು ಎಂಬುದನ್ನು ಗಮನಿಸಿ. ಒಂದೇ ಗುರುವಿನ ಕೈಕೆಳಗೆ ಕಲಿತವನು ಆ ಅಂಗಡಿಯ ರೂಢಿಯನ್ನೇ ಕಸುಬಿನ ನಿಯಮ ಎಂದುಕೊಂಡಿರುತ್ತಾನೆ. ಹತ್ತು ಅಂಗಡಿಗಳಲ್ಲಿ ಕೆಲಸ ಮಾಡಿದ ಮೇಲೆ ಯಾವುದು ನಿಯಮ, ಯಾವುದು ಬರೀ ರೂಢಿ ಎಂಬುದು ತಿಳಿಯುತ್ತದೆ. ಬಾಡಿಗೆ, ಸಂಸಾರ, ಆರ್ಡರ್‌ಗಳು ಇರುವ ನಿಮಗೆ ಮೂರು ವರ್ಷ ಆಗದ ಮಾತು. ಆದರೆ ಇನ್ನೊಬ್ಬರ ಸ್ಟುಡಿಯೋದಲ್ಲಿ ಹತ್ತು ದಿನ, ಅವರ ಮಣ್ಣು ಕಲಸುತ್ತ, ಅವರ ಆವಿಗೆ (ಪಾತ್ರೆ ಸುಡುವ ಗೂಡು) ತುಂಬುತ್ತ ಇರುವುದು ಬಹುಶಃ ಸಾಧ್ಯವಿದೆ. ನಾನು ಹೀಗೆ ಇಬ್ಬರ ಬಳಿ ಹೋಗಿದ್ದೇನೆ. ಕೇಳಲು ಸಂಕೋಚವಾಗುತ್ತದೆ, ಆದರೆ ಕೇಳಿದಾಗ ಇಲ್ಲ ಎಂದವರು ಕಡಿಮೆ. ಆವಿಗೆ ತುಂಬುವಾಗ ಎರಡು ಕೈ ಹೆಚ್ಚಿದ್ದರೆ ಯಾರಿಗೆ ಬೇಡ?

ರೆಸಿಡೆನ್ಸಿ ಎಂದರೆ ಇದೇ ಅಲೆದಾಟದ ಇಂದಿನ ರೂಪ ಎನ್ನಬಹುದು. ಅಮೆರಿಕದ ಮೊಂಟಾನಾದಲ್ಲಿ ಇಟ್ಟಿಗೆ ಕಾರ್ಖಾನೆಯೊಂದರ ಆವರಣದಲ್ಲಿ 1951ರಲ್ಲಿ ಆರ್ಚಿ ಬ್ರೇ ಫೌಂಡೇಶನ್ ಎಂಬ ಮಣ್ಣಿನ ಕಲೆಯ ಕೇಂದ್ರ ಶುರುವಾಯಿತು. ಆಗಿನ್ನೂ ಯುವಕರಾಗಿದ್ದ ಅಮೆರಿಕದ ಕಲಾವಿದರು ಪೀಟರ್ ವೌಲ್ಕೋಸ್ ಮತ್ತು ರೂಡಿ ಆಟಿಯೊ ಅಲ್ಲಿ ಮೊದಲು ಬಂದು ನೆಲೆಸಿ ಕೆಲಸ ಮಾಡಿದವರು. ಮರುವರ್ಷವೇ ಇಂಗ್ಲೆಂಡಿನ ಹೆಸರಾಂತ ಕುಂಬಾರ ಬರ್ನಾರ್ಡ್ ಲೀಚ್, ಜಪಾನಿನ ಕುಂಬಾರ ಶೋಜಿ ಹಮಾದಾ, ಅಲ್ಲಿನ ಚಿಂತಕ ಸೋಯೆತ್ಸು ಯಾನಗಿ ಮೂವರೂ ಅಲ್ಲಿಗೆ ಬಂದು ಕಾರ್ಯಾಗಾರ ನಡೆಸಿದರು. ಆ ಭೇಟಿಯನ್ನು ಕುಂಬಾರರು ಇಂದಿಗೂ ನೆನೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಉಳಿದ ದಿನಗಳು: ವೌಲ್ಕೋಸ್ ಮತ್ತು ಆಟಿಯೊ ಒಂದೇ ಸೂರಿನಡಿ, ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೀಳುತ್ತ ದುಡಿದ ತಿಂಗಳುಗಳು. ಅತಿಥಿಗಳು ಬಂದು ಹೋದರು, ಅವರು ಕಲಿಸಿದ್ದನ್ನು ಕೈಗೆ ಇಳಿಸಿಕೊಳ್ಳಲು ಪಕ್ಕದಲ್ಲಿ ಯಾರೋ ಒಬ್ಬರು ಇದ್ದರು.

ಹಾಗಾಗಿ ರೆಸಿಡೆನ್ಸಿಗೆ ಅರ್ಜಿ ಹಾಕುವ ಮೊದಲು ಜಾಗದ ಫೋಟೊ ನೋಡಿ ಮರುಳಾಗಬೇಡಿ. ಬೆಟ್ಟದ ಮೇಲೆ ಒಬ್ಬರೇ ಇರುವ ರೆಸಿಡೆನ್ಸಿ ಬರಹಗಾರರಿಗೆ ವರವಾಗಬಹುದು. ನಮಗೆ ಅದು ಮನೆಯ ಸ್ಟುಡಿಯೋವೇ, ನೋಟ ಮಾತ್ರ ಚೆನ್ನಾಗಿರುತ್ತದೆ. ಒಮ್ಮೆಗೆ ಎಷ್ಟು ಜನ ಇರುತ್ತಾರೆ, ತಾಂತ್ರಿಕ ಸಹಾಯಕರು ಇದ್ದಾರೆಯೇ, ಆವಿಗೆಯ ಸರದಿ ಹೇಗೆ, ಸುಡುವ ಖರ್ಚು ಯಾರದ್ದು, ಮಾಡಿದ ಕೃತಿಗಳಲ್ಲಿ ಎಷ್ಟನ್ನು ಅವರು ಇಟ್ಟುಕೊಳ್ಳುತ್ತಾರೆ ಎಂಬುದನ್ನೆಲ್ಲ ಪತ್ರ ಬರೆದು ಕೇಳಿ. ಉತ್ತರ ಜಾರಿಕೊಂಡಂತೆ ಬಂದರೆ ಅಲ್ಲಿಗೆ ಹೋಗಬೇಡಿ. ನೆದರ್ಲ್ಯಾಂಡ್ಸ್‌ನ ಓಯಿಸ್ಟರ್‌ವೈಕ್‌ನಲ್ಲಿರುವ ಯುರೋಪಿಯನ್ ಸೆರಾಮಿಕ್ ವರ್ಕ್‌ಸೆಂಟರ್, ಮಣ್ಣನ್ನು ಮುಟ್ಟಿಯೇ ಇರದ ಶಿಲ್ಪಿಗಳನ್ನೂ ವಾಸ್ತುಶಿಲ್ಪಿಗಳನ್ನೂ ಸೇರಿಸಿಕೊಳ್ಳುತ್ತದೆ. ಅಲ್ಲಿ ಪರಿಣತ ಸಲಹೆಗಾರರು ಜೊತೆಗಿರುತ್ತಾರೆ. ಪಕ್ಕದ ಮೇಜಿನವರು ನಿಮ್ಮ ಕಸುಬಿನವರೇ ಆಗಬೇಕಿಲ್ಲ ಎಂಬುದಕ್ಕೆ ಇದನ್ನು ಹೇಳಿದೆ. ‘ಇದನ್ನೇಕೆ ದುಂಡಗೆ ಮಾಡುತ್ತೀರಿ?’ ಎಂದು ಕೇಳಲು ಕುಂಬಾರರಿಗೆ ಹೊಳೆಯುವುದಿಲ್ಲ, ವಾಸ್ತುಶಿಲ್ಪಿಗೆ ಹೊಳೆಯುತ್ತದೆ. ಬೇರೆ ಬೇರೆ ದೇಶಗಳ ರೆಸಿಡೆನ್ಸಿಗಳನ್ನು ಹುಡುಕಲು ರೆಸ್ ಆರ್ಟಿಸ್ ಮತ್ತು ಟ್ರಾನ್ಸ್‌ಆರ್ಟಿಸ್ಟ್ಸ್ ಜಾಲತಾಣಗಳ ಪಟ್ಟಿಗಳು ಸಾಕು. ಅರ್ಜಿ ಶುಲ್ಕ ಕೇಳುವ ಎಲ್ಲವೂ ಮೋಸವಲ್ಲ, ಆದರೆ ಶುಲ್ಕ ಹೆಚ್ಚಿದ್ದು ವಿವರ ಕಡಿಮೆಯಿದ್ದರೆ ನಾನು ಮುಂದೆ ಓದುವುದಿಲ್ಲ.

ಕಾರ್ಯಾಗಾರಗಳನ್ನು ಪೂರ್ತಿ ತಳ್ಳಿಹಾಕುತ್ತಿಲ್ಲ. ಪೆನ್‌ಲ್ಯಾಂಡ್ (1929), ಹೇಸ್ಟ್ಯಾಕ್ (1950) ಇಂಥ ಅಮೆರಿಕದ ಹಳೆಯ ಕರಕುಶಲ ಶಾಲೆಗಳಲ್ಲಿ ಒಂದೆರಡು ವಾರಗಳ ಪಾಠಗಳಿವೆ. ಉಳಿದುಕೊಳ್ಳುವುದು, ಊಟ, ಕೆಲಸ ಎಲ್ಲ ಒಂದೇ ಕಡೆ. ಶಾಲೆಗಾಗಿ ದುಡಿದು ಅದರ ಬದಲಿಗೆ ಕಲಿಯುವ ದಾರಿಯೂ ಪೆನ್‌ಲ್ಯಾಂಡ್‌ನಲ್ಲಿದೆ. ಎರಡು ವಾರ ಎಂದರೆ ಕಲಿಸುವವರು ನಿಮ್ಮ ಹಿಂದೆ ಬಂದು ನಿಲ್ಲಲು ಸಮಯವಿದೆ ಎಂದರ್ಥ. ವಾರಾಂತ್ಯದ ಎರಡು ದಿನಗಳಲ್ಲಿ ಅದು ನಡೆಯುವುದಿಲ್ಲ. ಹೋಗಲೇಬೇಕೆಂದಿದ್ದರೆ ಹನ್ನೆರಡು ಜನರಿಗಿಂತ ಕಡಿಮೆ ಇರುವ ಕಡೆ ಹೋಗಿ, ಮತ್ತು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗಿ. ‘ಹಿಡಿಕೆ ಜೋಡಿಸಿದ ಕಡೆ ಬಿರುಕು ಬರುತ್ತದೆ, ಏಕೆ?’ ಎಂಬುದು ಪ್ರಶ್ನೆ. ‘ನನ್ನ ಕಲೆ ಬೆಳೆಯಬೇಕು’ ಎಂಬುದು ಪ್ರಾರ್ಥನೆ, ಅದಕ್ಕೆ ಉತ್ತರ ಕೊಡಲು ಯಾವ ಗುರುವಿಗೂ ಆಗದು.

ಆನ್‌ಲೈನ್ ಕೋರ್ಸ್‌ಗಳಲ್ಲಿ ನಿಮ್ಮ ಕೈ ಯಾರಿಗೂ ಕಾಣುವುದಿಲ್ಲ, ಅದೇ ತೊಂದರೆ. ಆದರೆ ಗ್ಲೇಜ್ (ಪಾತ್ರೆಯ ಮೇಲಿನ ಗಾಜಿನಂಥ ಲೇಪ) ಕಲಿಯಲು ಯಾರೂ ಕೈ ನೋಡಬೇಕಿಲ್ಲ, ಏಕೆಂದರೆ ಅಲ್ಲಿ ತಪ್ಪನ್ನು ಆವಿಗೆಯೇ ಹೇಳುತ್ತದೆ. ನನ್ನ ಮಟ್ಟಿಗೆ ಒಬ್ಬರೇ ಕುಳಿತು ಕಲಿಯಬಹುದಾದ ಅತ್ಯಂತ ದೊಡ್ಡ ವಿಷಯ ಇದು, ಬಹಳ ಜನ ಹನ್ನೊಂದು ವರ್ಷಗಳ ಮೇಲೂ ಮುಟ್ಟದೆ ಬಿಟ್ಟಿರುವ ವಿಷಯವೂ ಹೌದು. ಗಾಜಾಗುವ ಸಿಲಿಕಾ, ಹರಿಯದಂತೆ ಹಿಡಿದಿಡುವ ಅಲ್ಯೂಮಿನಾ, ಕರಗಿಸುವ ಕ್ಯಾಲ್ಸಿಯಂ, ಸೋಡಿಯಂ ಮುಂತಾದ ಆಕ್ಸೈಡ್‌ಗಳು: ಈ ಮೂರು ಗುಂಪುಗಳ ಪ್ರಮಾಣವನ್ನು ಲೆಕ್ಕವಾಗಿ ಬರೆಯುವ ಕ್ರಮವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹರ್ಮನ್ ಸೇಗರ್ ರೂಪಿಸಿದರು. ಆವಿಗೆಯಲ್ಲಿ ಬಾಗಿ ಶಾಖ ತಿಳಿಸುವ ಕೋನ್‌ಗಳೂ ಅವರದ್ದೇ. ಮೂರು ವಸ್ತುಗಳನ್ನು ತ್ರಿಕೋನದ ಮೂರು ಮೂಲೆಗಳಲ್ಲಿಟ್ಟು ಶೇ. 20ರ ಹೆಜ್ಜೆಯಲ್ಲಿ ಬೆರೆಸುತ್ತ ಹೋದರೆ 21 ಮಾದರಿಗಳಾಗುತ್ತವೆ. ಇಪ್ಪತ್ತೊಂದು ಬಿಲ್ಲೆಗಳು, ಮಾಮೂಲಿ ಸುಡುವಿಕೆಯ ನಡುವೆ ಒಂದು ಮೂಲೆಯಲ್ಲಿ ಜಾಗ, ಅಷ್ಟೇ. ಆ ತ್ರಿಕೋನವನ್ನು ಗೋಡೆಗೆ ಅಂಟಿಸಿ ನೋಡಿದಾಗ ನನಗೆ ಯಾವ ಪಾಠದಲ್ಲೂ ಆಗದ ಬೆಳಕು ಆಯಿತು: ಎಲ್ಲಿಂದ ಹೊಳಪು ಶುರು, ಎಲ್ಲಿಂದ ಮಂಕು, ಎಲ್ಲಿ ಹರಿದು ಕೆಳಗೆ ಇಳಿಯುತ್ತದೆ ಎಂಬುದು ನಕ್ಷೆಯಂತೆ ಕಂಡಿತು. ಗ್ಲೇಜಿ ಜಾಲತಾಣದಲ್ಲಿ ಜಗತ್ತಿನ ಕುಂಬಾರರು ಹಂಚಿಕೊಂಡ ಸೂತ್ರಗಳು ಲೆಕ್ಕದ ಸಮೇತ ಸಿಗುತ್ತವೆ. ಒಂದು ಎಚ್ಚರಿಕೆ: ಒಣ ಪುಡಿಗಳ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಮರಳಿ ವಾಸಿಯಾಗದ ಹಾನಿ ಮಾಡುತ್ತದೆ. ಉಸಿರು ಸೋರದಂತೆ ಕೂರುವ ಮುಖವಾಡ ಹಾಕಿಕೊಳ್ಳಿ, ನೆಲವನ್ನು ಗುಡಿಸದೆ ಒದ್ದೆ ಮಾಡಿ ಒರೆಸಿ. ನಾನು ಇದನ್ನು ತಡವಾಗಿ ಕಲಿತೆ.

ತಿಗರಿಯ ಕೆಲಸಕ್ಕೂ ಮೊಬೈಲ್‌ನಿಂದ ಒಂದು ಅರೆಬರೆ ಪರಿಹಾರವಿದೆ. ಅದನ್ನು ತಿಗರಿಯ ಎತ್ತರಕ್ಕೆ, ಪಕ್ಕಕ್ಕೆ ಇಟ್ಟು ನಿಮ್ಮನ್ನೇ ಚಿತ್ರೀಕರಿಸಿ. ಮೊದಲ ಹತ್ತು ನಿಮಿಷ ನಟಿಸುತ್ತೀರಿ, ಅದನ್ನು ಅಳಿಸಿಬಿಡಿ. ಕ್ಯಾಮೆರಾ ಮರೆತ ಮೇಲಿನದನ್ನು ನಂಬಿಕೆಯ ಒಬ್ಬರಿಗೆ ಕಳುಹಿಸಿ, ಅವರದ್ದನ್ನು ನೀವು ತರಿಸಿಕೊಳ್ಳಿ. ನಾವು ಮೂವರು ಹೀಗೆ ಮೂರು ವರ್ಷಗಳಿಂದ ಮಾಡುತ್ತಿದ್ದೇವೆ. ಹೊಗಳಬಾರದು ಎಂಬುದೊಂದೇ ನಿಯಮ, ಅದನ್ನು ಪಾಲಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟ.

ಬೆಲೆ ಕಟ್ಟುವುದು, ಲೆಕ್ಕ ಇಡುವುದು, ಮಾರುವುದು ಇವುಗಳ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಒಂದು ತಿಂಗಳು, ಯಾವ ಕೆಲಸಕ್ಕೆ ಎಷ್ಟು ಗಂಟೆ ಹಿಡಿಯಿತು ಎಂದು ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ನಾನು ಬರೆದಾಗ ಗೊತ್ತಾದದ್ದು, ಹೆಚ್ಚು ಮಾರಾಟವಾಗುವ ಮುಚ್ಚಳದ ಭರಣಿಯ ಮೇಲೆ ನನಗೆ ಉಳಿಯುತ್ತಿದ್ದುದು ಏನೂ ಇಲ್ಲ ಎಂಬುದು. ಅದನ್ನು ನಿಲ್ಲಿಸಿದ್ದರಿಂದ ವಾರಕ್ಕೆ ಒಂದು ದಿನ ಬಿಡುವಾಯಿತು. ಬಿಡುವಿಲ್ಲ ಎನ್ನುವ ನಿಮಗೆ ಕಲಿಕೆಯ ಸಮಯ ಬಹುಶಃ ಇಂಥದೇ ಒಂದು ಭರಣಿಯೊಳಗೆ ಅಡಗಿದೆ. ಇನ್ನು ಫೋಟೊ. ರೆಸಿಡೆನ್ಸಿಯ ಆಯ್ಕೆದಾರರು ನಿಮ್ಮ ಹೂಜಿಯನ್ನು ಎಂದೂ ಕೈಯಲ್ಲಿ ಹಿಡಿಯುವುದಿಲ್ಲ, ಚಿತ್ರವನ್ನಷ್ಟೇ ನೋಡುತ್ತಾರೆ. ಬೂದು ಬಣ್ಣದ ಕಾಗದದ ಹಿನ್ನೆಲೆ, ಕಿಟಕಿಯ ಮೆದು ಬೆಳಕು, ಒಂದು ಚಿತ್ರದಲ್ಲಿ ಒಂದೇ ಕೃತಿ. ನನ್ನ ಮೊದಲ ನಾಲ್ಕು ಅರ್ಜಿಗಳು ತಿರಸ್ಕೃತವಾದವು. ಐದನೆಯದರಲ್ಲಿ ಬರಹವನ್ನು ಒಂದಕ್ಷರವೂ ಬದಲಿಸದೆ ಫೋಟೊಗಳನ್ನು ಮಾತ್ರ ಬದಲಿಸಿದ್ದೆ.

ಇನ್ನೊಬ್ಬರಿಗೆ ಕಲಿಸಿದರೆ ತಾನೂ ಕಲಿತಂತೆ ಎಂದು ಹಲವರು ನಿಮಗೆ ಸಲಹೆ ಕೊಡಬಹುದು. ನನಗೆ ಅದರಲ್ಲಿ ಅರ್ಧ ನಂಬಿಕೆ. ಹೊಸಬರಿಗೆ ಮಣ್ಣನ್ನು ತಿಗರಿಯ ನಡುವಿಗೆ ತರುವುದನ್ನು ನೂರು ಸಲ ತೋರಿಸಿದರೆ ತಾಳ್ಮೆ ಬೆಳೆಯುತ್ತದೆ, ಕೈ ಇದ್ದಲ್ಲೇ ಇರುತ್ತದೆ.

ನಿಮ್ಮ ಜಾಗದಲ್ಲಿದ್ದರೆ ಈ ವಾರ ನಾನು ಯಾವ ಅರ್ಜಿಯನ್ನೂ ತುಂಬುತ್ತಿರಲಿಲ್ಲ. ಹೆಚ್ಚು ಮಾರಾಟವಾಗುವ ಆಕಾರದ ಆರು ಪಾತ್ರೆಗಳನ್ನು ಎತ್ತಿ, ಹಸಿಯಾಗಿರುವಾಗಲೇ ಸೀಳಿ, ಆರನ್ನೂ ಸಾಲಾಗಿ ನಿಲ್ಲಿಸಿ, ಎದುರಿನಿಂದ ಒಂದು ಫೋಟೊ ತೆಗೆಯುತ್ತಿದ್ದೆ. ಅದನ್ನು ನಿಮ್ಮ ಪ್ರಶ್ನೆಯ ಕೆಳಗೇ ಹಾಕಿ. ನನ್ನಂತೆ ಹತ್ತಾರು ಜನ ಇಲ್ಲಿ ಓದುತ್ತಿದ್ದಾರೆ. ಸೀಳಿದ ಮಣ್ಣನ್ನು ಎಸೆಯಬೇಡಿ, ಮತ್ತೆ ಕಲಸಿದರೆ ಸೋಮವಾರದ ಕೆಲಸಕ್ಕೆ ಬರುತ್ತದೆ.