‘ಹಾಲು ಕುಡಿದ್ರೆ ತೆಳ್ಳಗಾಗ್ತೀಯ’ ಅಂತ ನಾನು ಯಾಕೆ ಹೇಳಲಿಲ್ಲ

ಮದುವೆ ಸೀಸನ್ ಮುಗಿದು, ಮಳೆ ಹಿಡಿದು, ಶಾಲೆ ಶುರುವಾದ ಮೇಲೆ ಊಟದ ಸಲಹೆ ಕೇಳಲು ನನ್ನ ಹತ್ತಿರ ಬರುವ ಹುಡುಗಿಯರಲ್ಲಿ ಕೆಲವರದ್ದು ಹೆಚ್ಚುಕಮ್ಮಿ ಒಂದೇ ಕಥೆ. ಏಪ್ರಿಲ್‌ನಲ್ಲೋ ಮೇನಲ್ಲೋ ಮದುವೆ ಮನೆಯಲ್ಲಿ ಯಾರೋ ಏನೋ ಅಂದಿರುತ್ತಾರೆ. ಜೂನ್ ಹೊತ್ತಿಗೆ ಹುಡುಗಿ ಹಾಲು, ಮೊಸರು, ತುಪ್ಪ ಮೂರನ್ನೂ ಬಿಟ್ಟಿರುತ್ತಾಳೆ. ಊಟ ಬಿಟ್ಟರೆ ಮನೆಯಲ್ಲಿ ಗಲಾಟೆ ಆಗುತ್ತದೆ. ಹಾಲು ಬಿಟ್ಟರೆ ಬೇಗ ಯಾರಿಗೂ ಗೊತ್ತಾಗುವುದಿಲ್ಲ.

ಈ ಹುಡುಗಿಗೆ 14 ವರ್ಷ. ಒಂಬತ್ತನೇ ಕ್ಲಾಸು, ಹಾಕಿ ಆಡುತ್ತಾಳೆ. ಕಾಫಿ ತೋಟದ ಮನೆ. ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಕೆಲವು ವಿವರ ಬದಲಿಸಿಯೂ ಇದ್ದೇನೆ. ಕೊಡಗಿನಲ್ಲಿ ಊರು ಹೇಳಿದರೆ ಮನೆ ಹೆಸರು ಸಿಗುತ್ತದೆ, ಮನೆ ಹೆಸರು ಸಿಕ್ಕಿದರೆ ಎಲ್ಲವೂ ಸಿಕ್ಕಿದ ಹಾಗೆ. ಮದುವೆಗೆ ಹೊಲಿಸಿದ ಜಾಕೆಟ್ ಬಿಗಿಯಾದಾಗ ಸೋದರತ್ತೆ ಎಲ್ಲರೆದುರು, “ಹಾಲು ಕುಡಿಸಿ ಕುಡಿಸಿ ಇವಳನ್ನ ಉಬ್ಬಿಸಿಟ್ಟಿದ್ದೀರಿ” ಅಂದರಂತೆ. ಆಮೇಲೆ ಪ್ರಾಕ್ಟೀಸ್‌ನಲ್ಲಿ ಒಮ್ಮೆ ತಲೆ ಸುತ್ತಿ ಕೂತಳು. ಡಾಕ್ಟರು ನೋಡಿ ರಕ್ತ ಕಡಿಮೆ ಇದೆ ಅಂತ ಮಾತ್ರೆ ಕೊಟ್ಟರು. ಎತ್ತರಕ್ಕೆ ತಕ್ಕ ತೂಕವೇ ಇದೆ ಅಂದರು. ಆ ಕೊನೆಯ ಮಾತು ಮನೆಯಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ಒಬ್ಬಳೇ ಸಿಕ್ಕಾಗ ಹುಡುಗಿ ಚೆನ್ನಾಗಿ ಮಾತಾಡಿದಳು. ಬೆಳಿಗ್ಗೆ ಅವ್ವ ಕೊಟ್ಟ ಹಾಲನ್ನು ಹಿತ್ತಲಿಗೆ ಒಯ್ದು ನಾಯಿ ತಟ್ಟೆಗೆ ಸುರಿಯುತ್ತಿದ್ದಳು. ಹಸಿವಾದರೆ ಬೆಲ್ಲದ ಕಾಫಿ. “ನಮ್ಮ ನಾಯಿ ಈಗ ಎಷ್ಟು ದಪ್ಪ ಆಗಿದೆ ಗೊತ್ತಾ ಮೇಡಂ? ಹಾಲಿಂದ್ಲೇ ತಾನೆ?” ಅಂದಳು. ಸಾಕ್ಷಿ ಸಮೇತ ಬಂದಿದ್ದಳು! “ನಾಯಿಗೆ ಹಂದಿ ಮೂಳೆ, ಉಳಿದ ಕಡುಬು ಎಲ್ಲ ಯಾರು ಹಾಕೋದು?” ಅಂದೆ. ನಕ್ಕಳು.

ಮುಂದಿನ ಸಲ ತಾಯಿ, ಮಗಳು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಹುಡುಗಿ ಪ್ರಾಕ್ಟೀಸ್ ಮುಗಿಸಿ ನೇರ ಬಂದಿದ್ದಳು. ಸ್ಟಿಕ್ ತೊಡೆ ಮೇಲೆ ಇಟ್ಟುಕೊಂಡು ಹಿಡಿಯ ಟೇಪಿನ ತುದಿಯನ್ನು ಉಗುರಲ್ಲಿ ಕೀಳುತ್ತಿದ್ದಳು. ತಾಯಿ ಫೋನ್ ತೆಗೆದು ಯಾರೋ ಕಳಿಸಿದ ವಿಡಿಯೋ ತೋರಿಸಿದರು. ಹಾಲಿನ ಕ್ಯಾಲ್ಸಿಯಂ ಬೊಜ್ಜು ಕರಗಿಸುತ್ತದಂತೆ. “ಮೇಡಂ, ನೀವೇ ಒಂದು ಮಾತು ಹೇಳಿಬಿಡಿ. ಹಾಲು ಕುಡಿದ್ರೆ ತೆಳ್ಳಗಾಗ್ತೀಯ ಅಂದ್ರೆ ಸಾಕು, ಕೇಳಿ ಕೇಳಿ ಕುಡೀತಾಳೆ.”

ನಾನು ಬಾಯಿ ಬಿಡುವ ಮೊದಲೇ ಹುಡುಗಿ ತಲೆ ಎತ್ತಿದಳು.

“ಅಂದ್ರೆ ನಿಂಗೂ ನಾನು ದಪ್ಪ ಅಂತಾನೇ ಅನ್ಸೋದು, ಅಲ್ವಾ ಅವ್ವ?”

“ನಾನು ಯಾವಾಗ ಹಾಗಂದೆ?”

“ಅತ್ತೆ ಹೇಳಿದಾಗ ನೀನು ನಕ್ಕೆ.”

ತಾಯಿ ನನ್ನ ಕಡೆ ತಿರುಗಿದರು. “ಮದುವೆ ಮನೇಲಿ ನಾದಿನಿ ಜೊತೆ ಏನು ಜಗಳ ಆಡೋದು ಅಂತ ಸುಮ್ನೆ ನಕ್ಕೆ ಮೇಡಂ. ನಂಗೂ ಬೇಜಾರೇ ಆಗಿತ್ತು.” ನನಗಲ್ಲ, ಅವಳಿಗೆ ಹೇಳಿ ಅಂದೆ. ಹೇಳಿದರು. ಹೇಳುವಾಗ ಗಂಟಲು ಕಟ್ಟಿತು. ಹುಡುಗಿ ಟೇಪು ಕೀಳುವುದನ್ನು ಬಿಟ್ಟಳು. ಹಾಲಿನ ಮಾತು ಆ ದಿನ ಮತ್ತೆ ಬರಲಿಲ್ಲ.

ಇದನ್ನು ಕೇಳಿದ ಜೊತೆಯವರೊಬ್ಬರು, “ಒಂದು ಮಾತಲ್ಲಿ ಮುಗೀತಿತ್ತಲ್ಲ, ಒಳ್ಳೇದಕ್ಕೆ ತಾನೆ?” ಅಂದರು. ಹಾಗೆ ಹೇಳಬಹುದಿತ್ತು, ಪೂರ್ತಿ ಬುಡವಿಲ್ಲದ ಮಾತೂ ಆಗುತ್ತಿರಲಿಲ್ಲ. 2004ರಲ್ಲಿ ಹವಾಯಿಯಲ್ಲಿ 9ರಿಂದ 14 ವರ್ಷದ ಹುಡುಗಿಯರನ್ನು ನೋಡಿದಾಗ, ಹಾಲು ಮೊಸರಿನ ಕ್ಯಾಲ್ಸಿಯಂ ಜಾಸ್ತಿ ತಿನ್ನುವವರ ಮೈಯಲ್ಲಿ ಕೊಬ್ಬು ಸ್ವಲ್ಪ ಕಡಿಮೆ ಇತ್ತು. ಆದರೆ ಅದೇ ಅಧ್ಯಯನದಲ್ಲಿ ಸೋಡಾ ಜಾಸ್ತಿ ಕುಡಿಯುವವರ ತೂಕ ಜಾಸ್ತಿ ಇತ್ತು. ಹಾಲು ಇಳಿಸಿತೋ, ಸೋಡಾ ಏರಿಸಿತೋ, ಹೀಗೆ ಒಂದು ಸಲ ನೋಡಿದರೆ ತಿಳಿಯುವುದಿಲ್ಲ. ಆಮೇಲೆ ಅಮೆರಿಕದಲ್ಲೇ, ತೂಕ ಜಾಸ್ತಿ ಇದ್ದ 13-14ರ ಹುಡುಗಿಯರಲ್ಲಿ ಕೆಲವರಿಗೆ ಒಂದು ವರ್ಷ ಹಾಲು ಮೊಸರು ಹೆಚ್ಚಿಸಿ, ಉಳಿದವರಿಗೆ ಹೆಚ್ಚಿಸದೆ ನೋಡಿದರು. 2017ರಲ್ಲಿ ಫಲಿತಾಂಶ ಬಂತು: ಎರಡು ಗುಂಪಿಗೂ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಅಂದರೆ ಅತ್ತೆ ಹೇಳಿದ್ದೂ ತಪ್ಪು, ವಿಡಿಯೋ ಹೇಳಿದ್ದೂ ತಪ್ಪು.

ನಿಜವೇ ಆಗಿದ್ದರೂ ನಾನು ಹೇಳುತ್ತಿರಲಿಲ್ಲ. ತೆಳ್ಳಗಾಗಲು ಹಾಲು ಕುಡಿದವಳು ತೂಕದ ಮುಳ್ಳು ಇಳಿಯದ ದಿನ ಹಾಲು ಬಿಡುತ್ತಾಳೆ. ಅದಕ್ಕಿಂತ ಮುಖ್ಯ, ನಾನು ಹಾಗಂದಿದ್ದರೆ ಅತ್ತೆ ಪಕ್ಕ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತ ಹಾಗೆ. ಮೈ ಇಳಿಯಬೇಕು ಅನ್ನುವುದನ್ನು ಒಪ್ಪಿಕೊಂಡೇ ಮಾತು ಶುರು ಮಾಡಿದಂತೆ. ಡಾಕ್ಟರೇ ಸರಿ ಇದೆ ಅಂದ ಮೈ ಅದು!

ಹಾಗಾದರೆ ಹಾಲು ಬಿಟ್ಟರೆ ಬಿಡಲಿ ಅಂದೆನಾ? ಇಲ್ಲ. ಹುಡುಗಿಯರ ಮೂಳೆ ಗಟ್ಟಿಯಾಗುವ ಕೆಲಸ ಬಹುಪಾಲು 18ರ ಹೊತ್ತಿಗೆ ಮುಗಿದಿರುತ್ತದೆ. ಅವಳ ವಯಸ್ಸಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವುದು ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ. 200 ಎಂಎಲ್ ಹಾಲಿನಲ್ಲಿ ಸುಮಾರು 240 ಇರುತ್ತದೆ. ಹಾಸನ, ಮಂಡ್ಯದ ಕಡೆ ಹಾಲು ಬಿಟ್ಟರೂ ರಾಗಿ ಮುದ್ದೆ ಕೈ ಹಿಡಿಯುತ್ತದೆ. ನಮ್ಮಲ್ಲಿ ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ಹಬ್ಬಕ್ಕೆ ಕಡುಬು, ನೂಪುಟ್ಟು. ಎಲ್ಲ ಅಕ್ಕಿಯೇ. ಅಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂತಲೇ ಇಟ್ಟುಕೊಳ್ಳಿ. ಅದಕ್ಕೇ ಇಲ್ಲಿನ ಹುಡುಗಿ ಹಾಲು ಬಿಟ್ಟರೆ ನನಗೆ ಜಾಸ್ತಿ ಚಿಂತೆ.

ಹುಡುಗಿಗೆ ಈ ಲೆಕ್ಕವನ್ನೇ ಕೊಟ್ಟೆ, ಹೆದರಿಸಲಿಲ್ಲ. ಹಾಲೇ ಆಗಬೇಕೆಂದಿಲ್ಲ, 1000ದ ಹತ್ತಿರ ಹೇಗೆ ಹೋಗ್ತೀಯೋ ನೀನೇ ಹೇಳು ಅಂದೆ. 50 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 180, 10 ಗ್ರಾಂ ಎಳ್ಳಿನಲ್ಲಿ 120ರ ಮೇಲೆ. ನುಗ್ಗೆ ಸೊಪ್ಪು ಇದೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನಿದೆ. ಮೀನು ಅಂದ ತಕ್ಷಣ ಮುಖ ಅರಳಿತು. ಮೊಸರಿಗೂ ಒಪ್ಪಿದಳು. ತಿಂಡಿ ಬದಲು ಕಾಫಿ ಕುಡಿಯುವುದು ಮಾತ್ರ ನಿಲ್ಲಬೇಕು ಅಂದೆ. ತಾಯಿಗೆ ಹೇಳಿದ್ದು ಎರಡೇ: ಲೋಟ ಹಿಡಿದು ಹಿಂದೆ ಹೋಗಬೇಡಿ, ಮನೆಯಲ್ಲಿ ಯಾರ ಮೈ ಬಗ್ಗೆಯೂ ಮಾತು ಬೇಡ, ತಮಾಷೆಗೂ ಬೇಡ. ಎರಡನೆಯದು ಕಷ್ಟ ಅಂದರು. ಗೊತ್ತು.

ಇದನ್ನು ಓದುವ ಅಮ್ಮಂದಿರಿಗೆ ಒಂದು ವಿಷಯ. ಮಗಳಿಗೆ ಮೂರು ತಿಂಗಳು ಮುಟ್ಟು ನಿಂತಿದ್ದರೆ, ತಿಂದದ್ದನ್ನು ವಾಂತಿ ಮಾಡಿಕೊಳ್ಳುತ್ತಿದ್ದರೆ, ತೂಕ ಸರಸರ ಇಳಿಯುತ್ತಿದ್ದರೆ ರಾಗಿ, ಎಳ್ಳು ಅಂತ ಕೂರಬೇಡಿ. ಮೊದಲು ಡಾಕ್ಟರ ಹತ್ತಿರ ಹೋಗಿ, ನಮ್ಮಂಥವರು ಆಮೇಲೆ. ಈ ಹುಡುಗಿ ಅಲ್ಲಿವರೆಗೆ ಹೋಗಿರಲಿಲ್ಲ.

ಅವಳು ಈಗಲೂ ಹಾಲು ಕುಡಿಯುವುದಿಲ್ಲ. ಮೊಸರು ತಿನ್ನುತ್ತಾಳೆ, ವಾರದಲ್ಲಿ ಕೆಲವು ದಿನ ರಾಗಿ ದೋಸೆ. ಹಂದಿ ಸಾರಿಗೆ ರಾಗಿ ಒಗ್ಗಲ್ಲ ಅಂತ ಮನೆಯಲ್ಲಿ ಎಲ್ಲರ ದೂರು. ಕೈಲ್ ಮುಹೂರ್ತದ ಹಬ್ಬಕ್ಕೆ ಬಂದ ಅತ್ತೆ ಊಟಕ್ಕೆ ಕೂತಾಗ ಮತ್ತೆ ಶುರು ಮಾಡಿದರಂತೆ. ತಾಯಿ ಈ ಸಲ ನಗಲಿಲ್ಲ. “ಅಕ್ಕ, ಅವಳ ಮೈ ವಿಷಯ ಬಿಡಿ, ಕಡುಬು ಹಾಕಿಸ್ಕೊಳ್ಳಿ” ಅಂದರು. ನಾದಿನಿಗೆ ಸಿಟ್ಟು ಬಂದು ಆಮೇಲೆ ಫೋನೇ ಮಾಡಿಲ್ಲ, ಏನು ಮಾಡಲಿ ಮೇಡಂ ಅಂತ ನನ್ನನ್ನು ಕೇಳಿದರು. ಸ್ವಲ್ಪ ದಿನ ಮಾಡದಿದ್ದರೆ ಬೇಡ ಬಿಡಿ ಅಂದೆ.